ಯುದ್ಧದ ವರ್ಷ ಊರಿಗೆ ಬಂದ ಮಕ್ಕಳು ಏನನ್ನು ನೆನಪಿಟ್ಟುಕೊಂಡರು?

2025ರ ಮೇ 7ರಂದು ದೇಶದ 244 ನಾಗರಿಕ ರಕ್ಷಣಾ ಜಿಲ್ಲೆಗಳಿಗೆ ಅಣಕು ಕಾರ್ಯಾಚರಣೆಯ ಸೂಚನೆ ಹೋಗಿತ್ತು. ಆ ಸಂಜೆ ನಮ್ಮ ಮನೆಯ ಟಿ.ವಿ.ಯಲ್ಲಿ ಯಾವುದೋ ಊರಿನ ಸೈರನ್ ಮತ್ತೆ ಮತ್ತೆ ಕೂಗುತ್ತಿತ್ತು. ಅರವತ್ತೈದು ದಾಟಿದ ನನ್ನ ದೊಡ್ಡಮ್ಮ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಪ್ಪಳಕ್ಕೆಂದು ಹಲಸಿನ ತೊಳೆ ಬಿಡಿಸುತ್ತಿದ್ದರು. ತಲೆ ಎತ್ತದೆ ಕೇಳಿದರು: “ಕಿವಿಗೆ ಹತ್ತಿ ಇಟ್ಟುಕೊಳ್ಳಲು ಹೇಳಿದರೇನೋ?”

“ಗೊತ್ತಿಲ್ಲ ದೊಡ್ಡಮ್ಮ.”

“ಬಾಯಿಗೆ ಕರ್ಚೀಪು?”

ಬಾಂಬು ಸಿಡಿದಾಗ ಗಾಳಿಯ ಒತ್ತಡಕ್ಕೆ ಕಿವಿಯ ತಮಟೆ ಹರಿಯದಿರಲಿ ಎಂದು ಕಿವಿಗೆ ಹತ್ತಿ ತುರುಕಬೇಕು, ಹಲ್ಲುಗಳ ನಡುವೆ ಬಟ್ಟೆಯ ಗಂಟು ಕಚ್ಚಿ ಬಾಯಿಯನ್ನು ಅರೆತೆರೆದು ಇಡಬೇಕು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧವಾದಾಗ ಗಡಿಯ ಕಡೆಯ ದಂಡುಪ್ರದೇಶಗಳಲ್ಲಿ ಮಕ್ಕಳಿಗೆ ಕಲಿಸಿದ ಪಾಠವಿದು. ಅದನ್ನು ಹೇಳುವಾಗ ದೊಡ್ಡಮ್ಮನ ದವಡೆ ತಾನಾಗಿಯೇ ಅಷ್ಟು ಸಡಿಲವಾಯಿತು, ಅಷ್ಟೇ ಬೇಗ ಮುಚ್ಚಿಕೊಂಡಿತು. ಅವರಿಗದು ಗೊತ್ತಾಗಲಿಲ್ಲ. ಆರು ವರ್ಷದ ಹುಡುಗಿಗೆ ಕಲಿಸಿದ್ದನ್ನು ಆ ದವಡೆ ಅರವತ್ತು ವರ್ಷ ಮರೆತಿರಲಿಲ್ಲ.

ದೊಡ್ಡಮ್ಮನ ಯುದ್ಧದ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಅಜ್ಜ ಫಿರಂಗಿ ದಳದಲ್ಲಿದ್ದರು, ಸಂಸಾರ ಅಂಬಾಲದಲ್ಲಿತ್ತು. ಕ್ವಾರ್ಟರ್ಸಿನ ಹಿಂದೆ ಕಂದಕ ತೋಡಿದ್ದರು. ಕಿಟಕಿಯ ಗಾಜಿಗೆ ಕಪ್ಪು ಕಾಗದ ಅಂಟಿಸಿದ್ದರು. ಒಂದು ಬೆಳಿಗ್ಗೆ ಅಜ್ಜ ಹೋದರು. ಆಮೇಲೆ ಹುಣ್ಣಿಮೆಯಂಥ ಬೆಳಕಿನ ಒಂದು ರಾತ್ರಿ ಗದ್ದೆಯ ಹತ್ತಿರ ಬಾಂಬು ಬಿತ್ತು, ಜನರೆಲ್ಲ ಒಟ್ಟಿಗೆ ಕೂಗಿದರು, ಇವರು ಓಡಿಹೋಗಿ ಮಂಚದ ಕೆಳಗೆ ಸೇರಿಕೊಂಡರು. ಯಾರೋ ಎಳೆದು ಹೊರಗೆ ತಂದು ಜೇನು ಹಚ್ಚಿದ ಗೆಣಸು ಕೊಟ್ಟರು. ಆಮೇಲೆ ರೈಲು, ಬಸ್ಸು, ಕೊಡಗಿನ ಊರು.

ಈ ಕತೆಯಲ್ಲಿ ಒಂದು ತೊಡಕಿದೆ. ನಲವತ್ತು ವರ್ಷ ಕೇಳಿದರೂ ನನಗೆ ಅದು ಕಂಡಿರಲಿಲ್ಲ. ಅಲ್ಲಿಗೆ ಬರುವ ಮೊದಲು ಇಂಥ ನೆನಪುಗಳು ಹುಟ್ಟುವ, ಉಳಿಯುವ, ಬೆರೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಹೆಸರಿಲ್ಲದ ಪ್ರಯಾಣ

ಯುದ್ಧ ಬಂದಾಗ ಸೈನಿಕರ ಸಂಸಾರಗಳು ಹೀಗೆ ಊರಿಗೆ ಮರಳಿದ್ದನ್ನು ಕೊಡಗಿನಲ್ಲಿ ಯಾರೂ ‘ಸ್ಥಳಾಂತರ’ ಎನ್ನುವುದಿಲ್ಲ. ‘ತೆರವು’ ಎಂಬ ಮಾತಂತೂ ಒತ್ತುವರಿಗೆ ಮೀಸಲು. ಬರಗಾಲಕ್ಕೋ ದಂಡಿನ ಹಾವಳಿಗೋ ಊರಿಗೆ ಊರೇ ಎದ್ದುಹೋಗುವುದಕ್ಕೆ ಕನ್ನಡದಲ್ಲಿ ‘ಗುಳೆ’ ಎಂಬ ಹಳೆಯ ಮಾತಿದೆ. ಅದೂ ಇಲ್ಲಿಗೆ ಹೊಂದುವುದಿಲ್ಲ, ಏಕೆಂದರೆ ಗುಳೆ ಹೋಗುವವರು ಊರು ಬಿಟ್ಟು ಹೋಗುತ್ತಾರೆ, ನಮ್ಮವರು ಊರಿಗೇ ಬಂದರು. “ಯುದ್ಧದ ವರ್ಷ ಊರಿಗೆ ಬಂದೆವು” ಎಂದಷ್ಟೇ ಹೇಳುತ್ತಾರೆ, ಬೇಸಿಗೆ ರಜೆಗೆ ಬಂದ ಹಾಗೆ.

ಇದು ಸಣ್ಣ ವಿಷಯವಲ್ಲ. ಬ್ರಿಟನ್ನಿನಲ್ಲಿ 1939ರ ಸೆಪ್ಟೆಂಬರ್ 1ರಿಂದ ಮೂರು ದಿನಗಳಲ್ಲಿ ಸುಮಾರು 15 ಲಕ್ಷ ಜನರನ್ನು ನಗರಗಳಿಂದ ಹಳ್ಳಿಗಳಿಗೆ ಸಾಗಿಸಿದರು. ಅವರಲ್ಲಿ ಸುಮಾರು 8 ಲಕ್ಷ ಶಾಲಾಮಕ್ಕಳು. ಕೋಟಿನ ಗುಂಡಿಗೆ ಹೆಸರಿನ ಚೀಟಿ, ಹೆಗಲಿಗೆ ವಿಷಾನಿಲದ ಮುಖವಾಡದ ರಟ್ಟಿನ ಪೆಟ್ಟಿಗೆ. ಆ ಮಕ್ಕಳಿಗೆ ಅಂದೇ ‘ಇವ್ಯಾಕ್ಯುಯೀ’ (ಸ್ಥಳಾಂತರಗೊಂಡವರು) ಎಂಬ ಹೆಸರು ಬಿತ್ತು, ಇವತ್ತಿಗೂ ಆ ಹೆಸರಿನಲ್ಲಿ ಅವರು ತಮ್ಮನ್ನು ಗುರುತಿಸಿಕೊಳ್ಳುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಫಿನ್‌ಲೆಂಡ್ ಸುಮಾರು 70 ಸಾವಿರ ಮಕ್ಕಳನ್ನು ನೆರೆಯ ದೇಶಗಳಿಗೆ, ಹೆಚ್ಚಾಗಿ ಸ್ವೀಡನ್ನಿಗೆ, ಕಳುಹಿಸಿತು. ಅಲ್ಲೂ ‘ಯುದ್ಧದ ಮಕ್ಕಳು’ ಎಂಬರ್ಥದ ಮಾತು ನೆಲೆನಿಂತಿತು. ಹೆಸರಿದ್ದರೆ ಕತೆ ಹೇಳಲು ಒಂದು ಜಾಗ ಸಿಗುತ್ತದೆ, ಕೇಳುವವರು ಸಿಗುತ್ತಾರೆ, ತನ್ನ ನೆನಪನ್ನು ಇನ್ನೊಬ್ಬರ ನೆನಪಿನ ಪಕ್ಕದಲ್ಲಿಟ್ಟು ನೋಡಬಹುದು. ಕೊಡಗಿನ ಮಕ್ಕಳಿಗೆ ಅದು ದಕ್ಕಲಿಲ್ಲ. ಅವರ ನೆನಪುಗಳು ಒಂದೊಂದು ಮನೆಯಲ್ಲಿ ಒಂಟಿಯಾಗಿ ಬೆಳೆದವು.

ಇಂಥ ಮನೆಗಳು ಇಲ್ಲಿ ಎಷ್ಟಿರಬಹುದೆಂದು ಯಾರೂ ಲೆಕ್ಕ ಹಾಕಿದ್ದನ್ನು ನಾನು ಕಂಡಿಲ್ಲ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕ ಕೆ.ಎಂ. ಕಾರ್ಯಪ್ಪ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಕೆ.ಎಸ್. ತಿಮ್ಮಯ್ಯ, ಇಬ್ಬರೂ ಈ ಪುಟ್ಟ ಜಿಲ್ಲೆಯವರೆಂಬುದು ಎಲ್ಲರಿಗೂ ಗೊತ್ತು. ಅವರ ಪ್ರತಿಮೆಗಳಿಗೆ ಹಾರ ಹಾಕುವಾಗ ನೆನಪಾಗದವರು ಬೇರೆ: ಹವಾಲ್ದಾರರ, ನಾಯಕರ, ಸುಬೇದಾರರ ಹೆಂಡತಿಯರು, ಕಪ್ಪು ಟ್ರಂಕು ಮತ್ತು ಹೋಲ್ಡಾಲಿನೊಂದಿಗೆ ಮಕ್ಕಳನ್ನು ಎಳೆದುಕೊಂಡು ಮೈಸೂರಿನ ಬಸ್ ಇಳಿದವರು.

ಅಂಬಾಲದಿಂದ ಅಜ್ಜಿಮನೆಗೆ

ನಡೆಯುತ್ತಿದ್ದದ್ದು ಇಷ್ಟು. ಶಾಂತಿಕಾಲದಲ್ಲಿ ಸೈನಿಕನ ಸಂಸಾರ ದಂಡುಪ್ರದೇಶದ ಕ್ವಾರ್ಟರ್ಸಿನಲ್ಲಿರುತ್ತದೆ. ಪಡೆ ಗಡಿಗೆ ಹೊರಟಾಗ ಸಂಸಾರ ಹಿಂದೆ ಉಳಿಯುತ್ತದೆ. ಅಂಬಾಲ, ಜಲಂಧರ, ಫಿರೋಜ್‌ಪುರ, ಪಠಾಣಕೋಟೆಯಂಥ ಜಾಗಗಳಲ್ಲಿ ‘ಹಿಂದೆ’ ಎಂಬುದೇ ಇಲ್ಲ, ವಿಮಾನಕ್ಕೆ ಅವೆಲ್ಲ ಕೆಲವೇ ನಿಮಿಷಗಳ ದಾರಿ. ಹೀಗಾಗಿ ಸೇನೆಯವರು ಹೆಂಗಸರನ್ನೂ ಮಕ್ಕಳನ್ನೂ ಟಿಕೆಟ್ಟಿನ ಬದಲು ರೈಲ್ವೆ ವಾರಂಟ್ ಕೊಟ್ಟು ಅವರವರ ಊರಿಗೆ ಕಳುಹಿಸುತ್ತಿದ್ದರು. ಬ್ರಿಟನ್ನಿನ ಹಾಗೆ ಮೊದಲೇ ಹಾಕಿದ ಯೋಜನೆಯಿಲ್ಲ, ಜೊತೆಗೆ ಬರುವ ಶಿಕ್ಷಕಿಯಿಲ್ಲ. ಇಪ್ಪತ್ತೈದು ವರ್ಷದ ತಾಯಿ, ಸೊಂಟದಲ್ಲಿ ಒಂದು ಮಗು, ಕೈಯಲ್ಲಿ ಒಂದು ಮಗು.

1965ರ ಸೆಪ್ಟೆಂಬರ್ 6ರಂದು ಭಾರತದ ಸೇನೆ ಲಾಹೋರ್ ಕಡೆ ಗಡಿ ದಾಟಿತು. ಅಂದು ಸಂಜೆಯೇ ಪಠಾಣಕೋಟೆಯ ವಿಮಾನ ನೆಲೆಯ ಮೇಲೆ ದಾಳಿಯಾಯಿತು. ಆ ರಾತ್ರಿ ಪಠಾಣಕೋಟೆ, ಆದಂಪುರ, ಹಲ್ವಾರಾಗಳ ಸುತ್ತ ಪಾಕಿಸ್ತಾನದ ಪ್ಯಾರಾಟ್ರೂಪರ್‌ಗಳು ಇಳಿದರು. ಹಳ್ಳಿಯವರು ದೊಣ್ಣೆ ಹಿಡಿದು ಕಬ್ಬಿನ ಗದ್ದೆಗಳಲ್ಲಿ ಅವರನ್ನು ಹುಡುಕಿದರು. ಮರುದಿನ ಪಾಕಿಸ್ತಾನದ ಸರ್ಗೋಧಾ ವಿಮಾನ ನೆಲೆಯ ಮೇಲಿನ ದಾಳಿಗೆ ಆದಂಪುರದಿಂದ ಹಾರಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಹಿಂತಿರುಗಲಿಲ್ಲ. ಕೊಡಗಿನ ಈ ಮಗನಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಆ ಒಂದು ಬೆಳಿಗ್ಗೆ ಆಕಾಶದಲ್ಲಿ ಏನಾಯಿತೆಂದು ದೇಶ ಒಪ್ಪಿಕೊಳ್ಳಲು ಇಪ್ಪತ್ತಮೂರು ವರ್ಷ ಬೇಕಾಯಿತು. ದೊಡ್ಡವರ, ದಾಖಲೆಯಿರುವ, ಎದುರಾಳಿಯೂ ಬರೆದಿಟ್ಟ ಘಟನೆಗೇ ಈ ಪಾಡಾದರೆ, ಆರು ವರ್ಷದ ಹುಡುಗಿ ಕಂಡದ್ದನ್ನು ತೂಗಿ ನೋಡುವುದು ಎಷ್ಟು ಕಷ್ಟವೆಂದು ಊಹಿಸಿಕೊಳ್ಳಿ.

ಆಗ ಅಂಬಾಲ ಪಂಜಾಬಿನಲ್ಲಿತ್ತು, ಹರಿಯಾಣ ಹುಟ್ಟಿದ್ದು 1966ರ ನವೆಂಬರ್ 1ರಂದು. ಅಲ್ಲಿಂದ ದೆಹಲಿ, ದೆಹಲಿಯಿಂದ ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ ಹಿಡಿದು ಮದರಾಸು, ಮದರಾಸಿನಿಂದ ಬೆಂಗಳೂರು, ಬೆಂಗಳೂರಿನಿಂದ ಮೀಟರ್‌ಗೇಜಿನಲ್ಲಿ ಮೈಸೂರು. ಕೊಡಗಿಗೆ ಅಂದೂ ರೈಲಿಲ್ಲ, ಇಂದೂ ಇಲ್ಲ. ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದ ಕಾವೇರಿ ಸೇತುವೆ ಬಂದರೆ ಅಜ್ಜಿಗೆ ಅಳು ಬಂದಿತಂತೆ. ದೊಡ್ಡಮ್ಮನಿಗೆ ಸೇತುವೆ ನೆನಪಿಲ್ಲ. ಅಮ್ಮ ಅತ್ತದ್ದು ನೆನಪಿದೆ. ಅವರು ಅಲ್ಲಿಯವರೆಗೆ ಅಮ್ಮ ಅತ್ತದ್ದನ್ನು ನೋಡಿರಲಿಲ್ಲ.

ಊರೆಂದರೆ ಹೇಗಿತ್ತು? ಸೆಪ್ಟೆಂಬರ್ ಮಳೆ, ಕಂಬಳಿಕೊಪ್ಪೆ, ಒಲೆಯ ಹೊಗೆ. ಕಾಲಿಗೆ ಅಂಟಿದ ಮೊದಲ ಜಿಗಣೆ. ಅಂಬಾಲದ ಒಣ ಬಯಲಿನಲ್ಲಿ ಬೆಳೆದ ಹುಡುಗಿ ತನ್ನ ರಕ್ತ ಕುಡಿದು ಉಬ್ಬಿದ, ಬೆರಳಿಗೆ ಸಿಕ್ಕದೆ ಜಾರುವ ಆ ಜೀವವನ್ನು ನೋಡಿ ಕಿರುಚಿದ್ದಕ್ಕೆ ದೊಡ್ಡವರೆಲ್ಲ ನಕ್ಕರು. ಮುತ್ತಜ್ಜಿ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು ಮುಟ್ಟಿಸಿದರು, ಜಿಗಣೆ ಬಿತ್ತು. “ಯುದ್ಧದಲ್ಲಿ ಏನು ಹೆದರಿಕೆಯಾಗಿತ್ತು?” ಎಂದು ಕೇಳಿದರೆ ದೊಡ್ಡಮ್ಮ ಇವತ್ತಿಗೂ ಮೊದಲು ಹೇಳುವುದು ಜಿಗಣೆಯನ್ನು.

ಮನೆಯಲ್ಲಿ ಕೊಡಗಿನ ಗೌಡರ ಆಡುಮಾತಾದ ಅರೆಭಾಷೆ. ಹುಡುಗಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ಶಾಲೆಯ ಕನ್ನಡ ಇನ್ನೊಂದೇ ಬಗೆ. ಅಜ್ಜನ ಕಾಗದ ಬರುತ್ತಿದ್ದದ್ದು ‘ಕೇರ್ ಆಫ್ 56 ಎ.ಪಿ.ಒ.’ ಎಂಬ ವಿಳಾಸದಿಂದ. ಪಡೆ ಎಲ್ಲಿದೆಯೆಂದು ಗೊತ್ತಾಗದಿರಲಿ ಎಂದು ಸೇನೆಯ ಅಂಚೆ ಊರಿನ ಹೆಸರು ಬಿಟ್ಟು ಹೀಗೆ ಸಂಖ್ಯೆ ಕೊಡುತ್ತದೆ. ಅಪ್ಪ 56ನೆಯ ನಂಬರಿನ ಮನೆಯಲ್ಲಿದ್ದಾರೆ, ಆ ಮನೆಗೆ ಕಂದಕವಿದೆಯೋ ಇಲ್ಲವೋ ಎಂದು ಹುಡುಗಿ ಚಿಂತಿಸಿದ್ದಳು.

ಬಾಂಬಿಗಿಂತ ಬಿಟ್ಟ ಕೈ

ಮಕ್ಕಳು ಯುದ್ಧವನ್ನಲ್ಲ, ಹೊರಟದ್ದನ್ನು ನೆನಪಿಟ್ಟುಕೊಳ್ಳುತ್ತಾರೆ. ಇದಕ್ಕೆ ಆಧಾರ ಹಳೆಯದು. ಎರಡನೆಯ ಮಹಾಯುದ್ಧದ ಲಂಡನ್ನಿನಲ್ಲಿ ಮನೋವಿಶ್ಲೇಷಕಿಯರಾದ ಆನಾ ಫ್ರಾಯ್ಡ್ ಮತ್ತು ಡೊರೊತಿ ಬರ್ಲಿಂಗ್‌ಹ್ಯಾಮ್ ಹ್ಯಾಂಪ್‌ಸ್ಟೆಡ್‌ನಲ್ಲಿ ಯುದ್ಧಕಾಲದ ಶಿಶುನಿಲಯಗಳನ್ನು ನಡೆಸಿದರು. ದಿನದಿನವೂ ಮಕ್ಕಳನ್ನು ನೋಡಿ ಬರೆದಿಟ್ಟರು. ತಾಯಿಯ ಮಗ್ಗುಲಲ್ಲಿ ಮಲಗಿ ಬಾಂಬಿನ ರಾತ್ರಿಗಳನ್ನು ಕಳೆದ ಮಕ್ಕಳು ಅಷ್ಟಾಗಿ ಕುಸಿದಿರಲಿಲ್ಲ. ಸುರಕ್ಷಿತವಾದ ಹಳ್ಳಿಗೆ ಒಂಟಿಯಾಗಿ ಹೋದ ಮಕ್ಕಳು ಹೆಚ್ಚು ಕಂಗೆಟ್ಟಿದ್ದರು. 1939ರ ಡಿಸೆಂಬರಿನಲ್ಲೇ ಜಾನ್ ಬೌಲ್ಬಿ ಮತ್ತು ಡೊನಾಲ್ಡ್ ವಿನಿಕಾಟ್ ಇನ್ನೊಬ್ಬ ವೈದ್ಯರೊಡನೆ ಸೇರಿ, ಎರಡರಿಂದ ಐದು ವರ್ಷದ ಮಕ್ಕಳನ್ನು ತಾಯಿಯಿಂದ ಬೇರ್ಪಡಿಸಿ ಸಾಗಿಸುವುದು ಅಪಾಯಕಾರಿ ಎಂದು ವೈದ್ಯಕೀಯ ಪತ್ರಿಕೆಗೆ ಬರೆದಿದ್ದರು. ತಾಯ್ತಂದೆಯರಿಗೆ ಇದು ಪತ್ರಿಕೆ ಓದದೆಯೇ ತಿಳಿದಿತ್ತು. ಬಾಂಬು ಬೀಳದ ಮೊದಲ ತಿಂಗಳುಗಳಲ್ಲಿ, 1940ರ ಜನವರಿಯ ಹೊತ್ತಿಗೆ, ಕಳುಹಿಸಿದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರು ಮನೆಗೆ ವಾಪಸಾಗಿದ್ದರು.

ಆ ಮಕ್ಕಳ ನೆನಪುಗಳಲ್ಲಿ ಪದೇಪದೇ ಬರುವ ದೃಶ್ಯ ಹಳ್ಳಿಯ ಸಭಾಭವನದ್ದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿದ್ದಾರೆ, ಊರಿನವರು ಬಂದು ಸಂತೆಯಲ್ಲಿ ಕುರಿ ನೋಡಿದಂತೆ ನೋಡಿ ತಮಗೆ ಬೇಕಾದವರನ್ನು ಕರೆದೊಯ್ಯುತ್ತಿದ್ದಾರೆ. ಕೊನೆಗೆ ಉಳಿದ ಮಗುವಿಗೆ ಯಾವ ವಿಮಾನವೂ ನೆನಪಿಲ್ಲ, ಆ ಸಾಲು ನೆನಪಿದೆ. ಫಿನ್‌ಲೆಂಡಿನ ಮಕ್ಕಳದು ಇನ್ನೊಂದು ತೆರನ ಸಂಕಟ. ಸ್ವೀಡನ್ನಿನಲ್ಲಿ ವರ್ಷಗಟ್ಟಲೆ ಇದ್ದು ಫಿನ್ನಿಷ್ ಮರೆತರು, ಹಿಂತಿರುಗಿ ಬಂದಾಗ ಹೆತ್ತ ತಾಯಿಯೊಡನೆ ಮಾತಾಡಲು ಭಾಷೆ ಇರಲಿಲ್ಲ. ಸಾವಿರಾರು ಮಕ್ಕಳು ಅಲ್ಲೇ ಉಳಿದರು.

ಇವುಗಳ ಪಕ್ಕದಲ್ಲಿ ನಿಲ್ಲಿಸಿದರೆ ಕೊಡಗಿನ ಮಕ್ಕಳ ಪಾಡು ಹಗುರ. ತಾಯಿ ಜೊತೆಯಲ್ಲಿದ್ದಳು, ಹೋದದ್ದು ಸ್ವಂತ ಮನೆಗೆ. ಆದರೂ ನನಗನ್ನಿಸುವುದು, ‘ಸ್ವಂತ’ ಎಂಬುದು ದೊಡ್ಡವರ ಲೆಕ್ಕ. ಆರು ವರ್ಷದಲ್ಲಿ ಎರಡು ಸಲ ಕಂಡ ಮನೆ ಮಗುವಿಗೆ ಪರರ ಮನೆಯೇ. ವ್ಯತ್ಯಾಸವೆಂದರೆ, ಪರರ ಮನೆಯಲ್ಲಿ ಅತ್ತರೆ ‘ಪಾಪ’ ಎನ್ನುತ್ತಾರೆ, ಸ್ವಂತ ಮನೆಯಲ್ಲಿ ಅತ್ತರೆ ‘ಇದೇನು ಹಟ?’ ಎನ್ನುತ್ತಾರೆ.

ಕಾಣದ ಕಂದಕ ನೆನಪಾಗುವುದು

ನನ್ನ ಅಮ್ಮನಿಗೂ ಅಂಬಾಲದ ಕಂದಕ ನೆನಪಿದೆ. ದೊಡ್ಡಮ್ಮನಿಗಿಂತ ಚೆನ್ನಾಗಿಯೇ ವರ್ಣಿಸುತ್ತಾರೆ: ಹಸಿ ಮಣ್ಣಿನ ವಾಸನೆ, ಇಂಗ್ಲಿಷಿನ ಝಡ್ ಅಕ್ಷರದ ಹಾಗೆ ತಿರುವು, ಮೆಟ್ಟಿಲ ಮೇಲೊಂದು ಕಪ್ಪೆ. ತೊಂದರೆಯೆಂದರೆ ಅಮ್ಮನಿಗೆ ಆಗ ಒಂದೂವರೆ ವರ್ಷ.

ವಯಸ್ಕರನ್ನು ಕೇಳಿ ನೋಡಿದ ಅಧ್ಯಯನಗಳಲ್ಲಿ ಮೊಟ್ಟಮೊದಲ ನೆನಪಿನ ವಯಸ್ಸು ಸರಾಸರಿ ಮೂರರಿಂದ ಮೂರೂವರೆ ವರ್ಷ. ಅದಕ್ಕೂ ಹಿಂದಿನದು ಉಳಿಯುವುದು ಬಲು ಅಪರೂಪ. ಘಟನೆಗಳನ್ನು ಪೋಣಿಸಿ ಇಡುವ ಮೆದುಳಿನ ಹಿಪೊಕ್ಯಾಂಪಸ್ ಭಾಗ ಆ ವಯಸ್ಸಿನಲ್ಲಿ ಇನ್ನೂ ಬಲಿಯುತ್ತಿರುತ್ತದೆ. ಜೊತೆಗೆ ‘ನಾನು, ಅಲ್ಲಿ, ಆಗ’ ಎಂದು ಕಟ್ಟಿ ಹೇಳುವ ಭಾಷೆಯೂ ಮಗುವಿಗೆ ಬಂದಿರುವುದಿಲ್ಲ. ಹಾಗಾದರೆ ಅಮ್ಮನ ಕಪ್ಪೆ ಎಲ್ಲಿಂದ ಬಂತು? ಮಳೆಗಾಲದ ಸಂಜೆಗಳಲ್ಲಿ ಅಕ್ಕ ಹೇಳಿದ ಕತೆಯಿಂದ. ಕೇಳಿದ್ದು ಮನಸ್ಸಿನಲ್ಲಿ ಚಿತ್ರವಾಗುತ್ತದೆ, ವರ್ಷಗಳು ಕಳೆದಂತೆ ಚಿತ್ರ ಉಳಿದು, ಅದು ಕೇಳಿದ್ದೆಂಬ ಗುರುತು ಅಳಿಸಿಹೋಗುತ್ತದೆ.

ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಜೀವಮಾನವಿಡೀ ಓದಿದ ಜಾನ್ ಪಿಯಾಜೆಗೇ ಹೀಗಾಗಿತ್ತು. ಎರಡು ವರ್ಷದವನಿದ್ದಾಗ ಪ್ಯಾರಿಸ್ಸಿನ ಬೀದಿಯಲ್ಲಿ ಯಾರೋ ತನ್ನನ್ನು ಅಪಹರಿಸಲು ಬಂದದ್ದು, ದಾದಿ ತಡೆದದ್ದು, ಅವಳ ಮುಖಕ್ಕೆ ಗೀರು ಬಿದ್ದದ್ದು ಅವರಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಅವರಿಗೆ ಹದಿನೈದರ ಹೊತ್ತಿಗೆ ದಾದಿ ಕಾಗದ ಬರೆದು, ಅದೆಲ್ಲ ತಾನು ಕಟ್ಟಿದ ಕತೆಯೆಂದು ಒಪ್ಪಿಕೊಂಡಳು, ಬಹುಮಾನವಾಗಿ ಪಡೆದ ಗಡಿಯಾರವನ್ನೂ ಹಿಂದಿರುಗಿಸಿದಳು.

ಅಮ್ಮನಿಗೆ ಇದನ್ನು ಹೇಳಿದೆ. “ನಿನ್ನ ಪಿಯಾಜೆಗೆ ಕಪ್ಪೆ ಇತ್ತೇ?” ಎಂದರು.

ಚಿಕ್ಕವರದ್ದಷ್ಟೇ ಅಲ್ಲ ಈ ಸಮಸ್ಯೆ. ಮನಶ್ಶಾಸ್ತ್ರಜ್ಞ ಉಲ್ರಿಕ್ ನೈಸರ್‌ಗೆ ಪರ್ಲ್ ಹಾರ್ಬರ್ ದಾಳಿಯ ಸುದ್ದಿ ಕೇಳಿದ ಕ್ಷಣ ಸ್ಪಷ್ಟವಾಗಿ ನೆನಪಿತ್ತು: ರೇಡಿಯೊದಲ್ಲಿ ಬೇಸ್‌ಬಾಲ್ ಪಂದ್ಯ ಕೇಳುತ್ತಿದ್ದಾಗ ಮಧ್ಯದಲ್ಲಿ ಸುದ್ದಿ ಬಂತು. ಅವರಿಗಾಗ ಹದಿಮೂರು ತುಂಬಲು ಒಂದೇ ದಿನ ಬಾಕಿ. ದಶಕಗಳ ನಂತರ ಅವರಿಗೆ ಹೊಳೆಯಿತು, ದಾಳಿ ನಡೆದದ್ದು 1941ರ ಡಿಸೆಂಬರ್ 7ರಂದು, ಡಿಸೆಂಬರಿನಲ್ಲಿ ಯಾರೂ ಬೇಸ್‌ಬಾಲ್ ಆಡುವುದಿಲ್ಲ. ಆಮೇಲೆ ಬೇರೆಯವರು ಹುಡುಕಿದಾಗ, ಅಂದು ಪ್ರಸಾರವಾಗಿದ್ದು ಫುಟ್‌ಬಾಲ್ ಪಂದ್ಯ, ಆದರೆ ಆ ಎರಡು ತಂಡಗಳ ಹೆಸರೂ ಬೇಸ್‌ಬಾಲ್ ತಂಡಗಳ ಹೆಸರೂ ಒಂದೇ ಎಂದು ತಿಳಿಯಿತು. ಪಂದ್ಯ ಇತ್ತು, ರೇಡಿಯೊ ಇತ್ತು, ಸುದ್ದಿ ಬಂದದ್ದೂ ನಿಜ. ಆಟವೊಂದು ಅದಲುಬದಲಾಗಿತ್ತು. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ ನೈಸರ್ ವಿದ್ಯಾರ್ಥಿಗಳಿಂದ ತಾವು ಸುದ್ದಿ ಕೇಳಿದ ಬಗೆಯನ್ನು ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷ ಬಿಟ್ಟು ಮತ್ತೆ ಕೇಳಿದರು. ಬಹಳಷ್ಟು ಜನರ ಉತ್ತರ ಬದಲಾಗಿತ್ತು, ಆತ್ಮವಿಶ್ವಾಸ ಮಾತ್ರ ಹಾಗೆಯೇ ಇತ್ತು. ಸ್ವಂತ ಕೈಬರಹ ತೋರಿಸಿದರೂ ಕೆಲವರು ಈಗಿನದೇ ಸರಿ ಎಂದರು.

ಇದನ್ನು ಸುಳ್ಳು ಎನ್ನಬಾರದು. ನೆನಪು ಪೆಟ್ಟಿಗೆಯಲ್ಲಿಟ್ಟ ಫೋಟೊ ಅಲ್ಲ. ಪ್ರತಿಸಲ ಹೇಳುವಾಗಲೂ ಸಿಕ್ಕ ತುಂಡುಗಳಿಂದ ಹೊಸದಾಗಿ ಕಟ್ಟುವ ವಸ್ತು ಅದು. ಹೆದರಿದಾಗ ಗಮನ ಒಂದೆರಡು ಸಂಗತಿಗಳಿಗೆ ಕುಗ್ಗುತ್ತದೆ, ಅವು ಆಳವಾಗಿ ಕೂರುತ್ತವೆ. ಸುತ್ತಲಿನ ಜಾಗ, ಹೊತ್ತು, ಹಿಂದುಮುಂದು ಮಸುಕಾಗುತ್ತವೆ. ಆ ಖಾಲಿ ಜಾಗವನ್ನು ಮನಸ್ಸು ಆಮೇಲೆ ಕೈಗೆ ಸಿಕ್ಕಿದ್ದರಿಂದ ತುಂಬಿಕೊಳ್ಳುತ್ತದೆ. ಕೈಗೆ ಮೊದಲು ಸಿಗುವುದು, ಎಲ್ಲರಿಗೂ ಗೊತ್ತಿರುವ ದೊಡ್ಡ ಕತೆ: ಯುದ್ಧ, ಬಾಂಬು, ವಿಮಾನ.

ಚಂದ್ರನನ್ನು ಸಾಕ್ಷಿಗೆ ಕರೆದಾಗ

ದೊಡ್ಡಮ್ಮನ ಕತೆಗೆ ಬರೋಣ. ಅವರು ಸೇರಿದ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕ ಇನ್ನೂ ಇತ್ತು. ಗೆದ್ದಲು ಅಂಚನ್ನು ತಿಂದಿದ್ದರೂ ಅವರ ಹೆಸರಿನ ಮುಂದಿನ ತಾರೀಖು ಓದಬಹುದಿತ್ತು: 16-9-1965. ಅಂಬಾಲದಿಂದ ಊರಿಗೆ ನಾಲ್ಕೈದು ದಿನದ ದಾರಿ. ಎಂದರೆ ಸೆಪ್ಟೆಂಬರ್ 11ರ ಹೊತ್ತಿಗೆ ಅಲ್ಲಿಂದ ಹೊರಟಿರಬೇಕು. ಅಂಬಾಲದ ದಂಡುಪ್ರದೇಶದ ಮೇಲೆ ಬಾಂಬು ಬಿದ್ದು ಅಲ್ಲಿನ ಸೇಂಟ್ ಪಾಲ್ಸ್ ಚರ್ಚು ಹಾಳಾದದ್ದು ಸೆಪ್ಟೆಂಬರ್ ಉತ್ತರಾರ್ಧದಲ್ಲಿ. ಹುಡುಗಿ ಆಗ ಕೊಡಗಿನ ಮಳೆಯಲ್ಲಿ ‘ಅ ಆ ಇ ಈ’ ತಿದ್ದುತ್ತಿದ್ದಳು. ಸೈರನ್ ಕೇಳಿದ್ದು ನಿಜ, ಕಂದಕಕ್ಕೆ ಇಳಿದದ್ದು ನಿಜ. ಊರಿನವರಿಗೆಲ್ಲ ಗೊತ್ತಾದ ಆ ಬಾಂಬು ಮಾತ್ರ ಅವರು ಕೇಳಿದ್ದಲ್ಲ.

ಹಾಗಾದರೆ ಬೆಳದಿಂಗಳು? ತಾರೀಖು ಗೊತ್ತಿಲ್ಲದ ನೆನಪಿಗೆ ಚಂದ್ರ ಒಳ್ಳೆಯ ಸಾಕ್ಷಿ, ಅವನ ಲೆಕ್ಕ ಹಿಂದಕ್ಕೂ ಹಾಕಬಹುದು. 1971ರ ಯುದ್ಧ ಡಿಸೆಂಬರ್ 3ರ ಸಂಜೆ ಶುರುವಾಯಿತು, ಹುಣ್ಣಿಮೆ ಅದರ ಹಿಂದಿನ ದಿನ. ಮೊದಲ ರಾತ್ರಿಯ ಬ್ಲ್ಯಾಕ್‌ಔಟ್‌ನಲ್ಲಿ ಅಂಗಳ ಹಗಲಿನಂತಿತ್ತು ಎಂದು ಯಾರಾದರೂ ಹೇಳಿದರೆ ನಂಬಬಹುದು. 1965ರಲ್ಲಿ ಸೆಪ್ಟೆಂಬರ್ 10ರ ರಾತ್ರಿ ಹುಣ್ಣಿಮೆ. ಕದನವಿರಾಮವಾದ 23ರ ಹೊತ್ತಿಗೆ ಅಮಾವಾಸ್ಯೆ ಹತ್ತಿರ. ಎಂದರೆ ದೊಡ್ಡಮ್ಮ ಕಂಡ ದೊಡ್ಡ ಚಂದ್ರ ಅಂಬಾಲದ ಕೊನೆಯ ರಾತ್ರಿಯದೋ ರೈಲಿನ ಮೊದಲ ರಾತ್ರಿಯದೋ ಇರಬಹುದು. ಅಲ್ಲಿಗೆ ನಾನು ಸುಮ್ಮನಾಗುತ್ತಿದ್ದೆ, ಗೆಣಸು ಇರದಿದ್ದರೆ.

ಜೇನು ಹಚ್ಚಿದ ಗೆಣಸು. ಸೈರನ್ ಕೂಗುವ ಸೆಪ್ಟೆಂಬರಿನ ಅಂಬಾಲದಲ್ಲಿ ಯಾರು ಯಾರಿಗೆ ಅದನ್ನು ತಿನ್ನಿಸುತ್ತಾರೆ? ಕೊಡಗಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಹುತ್ತರಿ ನಮ್ಮ ಸುಗ್ಗಿ ಹಬ್ಬ. ವೃಶ್ಚಿಕ ಮಾಸದ ಹುಣ್ಣಿಮೆಯ ಆಸುಪಾಸಿನಲ್ಲಿ ಬರುತ್ತದೆ, ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ಗೊತ್ತು ಮಾಡುತ್ತಾರೆ. ರಾತ್ರಿ ಮನೆಮಂದಿಯೆಲ್ಲ ದೀಪ ಹಿಡಿದು ಗದ್ದೆಗೆ ಹೋಗಿ ಮೊದಲ ಕದಿರು ಕೊಯ್ಯುತ್ತಾರೆ. ಆ ಕ್ಷಣಕ್ಕೆ ಆಕಾಶದ ಕಡೆ ಕೋವಿ ಹಾರಿಸುತ್ತಾರೆ, ಎಲ್ಲರೂ ಒಟ್ಟಿಗೆ “ಪೊಲಿ ಪೊಲಿ ದೇವಾ” ಎಂದು ಕೂಗುತ್ತಾರೆ. ಒಂದು ಗದ್ದೆಯ ಗುಂಡಿಗೆ ಆಚೆ ಗುಡ್ಡದ ಗದ್ದೆ ಉತ್ತರ ಕೊಡುತ್ತದೆ. ಮನೆಗೆ ಬಂದು ತಂಬಿಟ್ಟು, ಹುತ್ತರಿ ಗೆಣಸು, ಜೇನು.

1965ರ ಆ ಹುಣ್ಣಿಮೆ ಡಿಸೆಂಬರ್ 8ರಂದು. ಊರಿಗೆ ಬಂದು ಮೂರು ತಿಂಗಳೂ ತುಂಬಿರಲಿಲ್ಲ. ಚಿಮಣಿ ದೀಪ ಕಂಡರೆ ಓಡಿಹೋಗಿ ಊದಿ ಆರಿಸುತ್ತಿದ್ದ, ಬೆಳಕು ಹೊರಗೆ ಕಾಣಬಾರದೆಂದು ಕಲಿತಿದ್ದ ಹುಡುಗಿ. ಅವಳನ್ನು ಬೆಳದಿಂಗಳ ಬಯಲಿಗೆ ಕರೆತಂದು ನಿಲ್ಲಿಸಿ, ತಲೆಯ ಮೇಲೆ ಕೋವಿ ಹಾರಿಸಿ, ನೂರು ಗಂಟಲಿನಿಂದ ಕೂಗಿದರು. ಸೆಪ್ಟೆಂಬರ್ ಮೊದಲ ವಾರದ ಆಯುಧಪೂಜೆಯ ಹಬ್ಬ ಕೈಲುಮುಹೂರ್ತವನ್ನು ನೋಡಿದ್ದರೆ ಹೂವು ಮುಡಿದು ಪೂಜೆಗೆ ಕೂತ ಕೋವಿಯ ಪರಿಚಯವಾದರೂ ಆಗುತ್ತಿತ್ತು. ಅದು ಮುಗಿದ ಮೇಲೆ ಅವಳು ಬಂದಿದ್ದಳು.

ಗದ್ದೆ, ಬೆಳದಿಂಗಳು, ಸದ್ದು, ಒಟ್ಟಿಗೆ ಕೂಗು, ಮಂಚ, ಗೆಣಸು. ಎಲ್ಲವೂ ಕೊಡಗಿನವು. ‘ಬಾಂಬು’ ಎಂಬ ಒಂದು ಮಾತು ಮಾತ್ರ ಅಂಬಾಲದ್ದು. ಅದೊಂದು ಮಾತು ಇಡೀ ರಾತ್ರಿಯನ್ನು ಸುಮಾರು ಎರಡು ಸಾವಿರ ಕಿಲೋಮೀಟರ್ ಉತ್ತರಕ್ಕೆ ಎಳೆದೊಯ್ದು, ರೈಲು ಹತ್ತುವುದಕ್ಕೆ ಮೊದಲಿನ ದಿನಕ್ಕೆ ಹೊಲಿದಿತ್ತು.

ಮನೆಯಲ್ಲಿ ಹಿರಿಯರಿದ್ದರೆ

ಹಿರಿಯರ ನೆನಪು ಕೇಳುವವರಿಗೆ ಈ ಗೆಣಸು ನನಗೆ ಕಲಿಸಿದ್ದನ್ನು ಹೇಳಬಹುದು. ‘ಯುದ್ಧ ಹೇಗಿತ್ತು?’ ಎಂದು ಕೇಳಬೇಡಿ, ಪತ್ರಿಕೆಯಲ್ಲಿ ಓದಿದ್ದನ್ನೇ ಹೇಳುತ್ತಾರೆ. ಕೈಯಲ್ಲಿ ಏನಿತ್ತು, ಯಾರ ಮಗ್ಗುಲಲ್ಲಿ ಮಲಗಿದಿರಿ, ಏನು ತಿಂದಿರಿ, ಕಾಲಿಗೆ ಚಪ್ಪಲಿ ಇತ್ತೇ ಎಂದು ಕೇಳಿ. ಕತೆಗೆ ಹೊಂದದೆ ಹೊರಗೆ ಚಾಚಿಕೊಂಡ ವಿವರವನ್ನು ತಿದ್ದಬೇಡಿ. ಕಟ್ಟಿದ ಕತೆಯಲ್ಲಿ ಎಲ್ಲವೂ ಹೊಂದಿಕೊಳ್ಳುತ್ತವೆ, ಹೊಂದದೇ ಇರುವುದು ಹೆಚ್ಚಾಗಿ ಕಂಡದ್ದೇ ಆಗಿರುತ್ತದೆ. ಅಕ್ಕತಂಗಿಯರನ್ನು ಬೇರೆಬೇರೆಯಾಗಿ ಕೂರಿಸಿ ಕೇಳಿ, ಇಲ್ಲದಿದ್ದರೆ ಕಪ್ಪೆ ಬರುತ್ತದೆ. ತಾರೀಖಿಗೆ ಮನುಷ್ಯರನ್ನು ನಂಬದೆ ಶಾಲೆಯ ಪುಸ್ತಕ, ಅಂಚೆಯ ಮುದ್ರೆ, ಹಬ್ಬ, ಚಂದ್ರನನ್ನು ನಂಬಿ. ವಾಸನೆಯನ್ನು ಕೇಳಲು ಮರೆಯಬೇಡಿ. ಉಳಿದ ಇಂದ್ರಿಯಗಳಂತೆ ಸುತ್ತುಬಳಸದೆ, ಭಾವನೆ ಮತ್ತು ನೆನಪುಗಳನ್ನು ನೋಡಿಕೊಳ್ಳುವ ಮೆದುಳಿನ ಭಾಗಗಳಿಗೆ ವಾಸನೆಯ ದಾರಿ ಬಹಳ ಹತ್ತಿರ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಕಾಲೂರಿನ ಕಡೆ ಗುಡ್ಡ ಜಾರಿದಾಗ ಪರಿಹಾರ ಶಿಬಿರಗಳಲ್ಲಿ ಮಲಗಿದ ಮಕ್ಕಳು ಈಗ ಹೈಸ್ಕೂಲು ದಾಟುತ್ತಿದ್ದಾರೆ. ಅದು ಯುದ್ಧವಲ್ಲ. ಆದರೂ ಅವರ ಬಾಯಲ್ಲಿ ಆಗಲೇ ಅದು ‘ಮಳೆಯ ವರ್ಷ’ ಆಗಿದೆ. ಅವರನ್ನು ಕೇಳಲು ಅರವತ್ತು ವರ್ಷ ಕಾಯಬೇಕಾಗಿಲ್ಲ, ಅವರ ಜೊತೆಗಿದ್ದ ದೊಡ್ಡವರು ಇನ್ನೂ ಇದ್ದಾರೆ.

ನನ್ನ ಪತ್ತೇದಾರಿಕೆಯನ್ನೆಲ್ಲ ದೊಡ್ಡಮ್ಮನ ಮುಂದೆ ಹರವಿದೆ. ಶಾಲೆಯ ಪುಸ್ತಕದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದೆ. ಕನ್ನಡಕ ಹಾಕಿಕೊಂಡು ತಮ್ಮ ಹೆಸರನ್ನು ಎರಡು ಸಲ ಓದಿದರು. ಬಹಳ ಹೊತ್ತು ಮಾತಾಡಲಿಲ್ಲ.

“ಇರಬಹುದು” ಎಂದರು ಕೊನೆಗೆ. “ಹಾಗಾದರೆ ಅದು ಹಬ್ಬ ಎಂದು ನನಗೆ ಯಾರಾದರೂ ಹೇಳಬಹುದಿತ್ತಲ್ಲ?”

ದೊಡ್ಡಮ್ಮ ಗೆಣಸು ಮುಟ್ಟುವುದಿಲ್ಲ. ವಾಯುವಾಗುತ್ತದೆ ಎನ್ನುತ್ತಿದ್ದರು, ನಾವೂ ಹಾಗೆಂದೇ ನಂಬಿದ್ದೆವು. ಈ ಮಾತಾದ ಮೇಲೆ ಬಂದ ಹುತ್ತರಿಯಲ್ಲಿ ಅಮ್ಮ ಬೇಕೆಂದೇ ಅವರ ಬಾಳೆಲೆಗೆ ಒಂದು ತುಂಡು ಗೆಣಸು ಬಡಿಸಿ ಮೇಲೆ ಜೇನು ಹಾಕಿದರು. ಹೊರಗೆ ಗದ್ದೆಯ ಕಡೆಯಿಂದ ಇನ್ನೂ ಒಂದೊಂದು ಗುಂಡು ಕೇಳುತ್ತಿತ್ತು. ದೊಡ್ಡಮ್ಮ ತಂಬಿಟ್ಟು ತಿಂದರು, ನೀರು ಕುಡಿದರು, ಗೆಣಸನ್ನು ಬೆರಳಿನಿಂದ ಎಲೆಯ ಅಂಚಿಗೆ ಸರಿಸಿ ಎದ್ದರು.